ಮುನ್ಷಿ ಸಾಹೇಬರು ಮಾಡಿದ ‘ಸಾರಿ’ಯ ತರ್ಜುಮೆ

ಮುನ್ಷಿ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರನ್ನು ಮಣ್ಣು ಮಾಡಿ ಎಂಟು ದಿನಗಳಾದ ಮೇಲೆ. ಶಿವಾಜಿನಗರದ ಮಾರ್ಕೆಟ್ಟಿನ ಹಿಂದುಗಡೆಯ ಗಲ್ಲಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟಿಕೊಡುವ ಒಂದು ಚಿಕ್ಕ ಅಂಗಡಿಯಿತ್ತು. ತಂಗಿಯ ಶಾಲೆಯ ಪುಸ್ತಕ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಅಂಗಡಿಯವರು ಗೋಂದು ಹಚ್ಚುತ್ತಲೇ, “ನಿಮ್ಮ ಮುನ್ಷಿ ಸಾಹೇಬ್ರು ಹೋಗ್ಬಿಟ್ರಲ್ಲ, ಗೊತ್ತಾಯ್ತಾ?” ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಲಸೂರಿನ ನಮ್ಮ ಮನೆಗೂ ಆ ಗಲ್ಲಿಗೂ ಅರ್ಧ ಗಂಟೆಯ ನಡಿಗೆ. ಅಷ್ಟು ದಾರಿ ಬರಲು ಆ ಸುದ್ದಿಗೆ ಎಂಟು ದಿನ ಹಿಡಿದಿತ್ತು.

ಅವರ ಮನೆ ಇದ್ದುದೂ ಅದೇ ಗಲ್ಲಿಯಲ್ಲಿ. ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡವರಿಗೆ ಅವರು ಮುನ್ಷಿ ಸಾಹೇಬರು, ಮಕ್ಕಳಿಗೆ ಡಿಕ್ಷನರಿ ತಾತ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ತಮ್ಮ ಹೆಸರನ್ನು ಯಾರಾದರೂ ಅಚ್ಚಿನಲ್ಲಿ ತಪ್ಪಾಗಿ ಹಾಕಿದರೆ ಅವರಿಗೆ ಆಗುತ್ತಿದ್ದ ಸಂಕಟ ನನಗೆ ಗೊತ್ತು.

ನಾನು ಅವರನ್ನು ಮೊದಲು ನೋಡಿದ್ದು ಯುದ್ಧದ ಕಾಲದಲ್ಲಿ. ಕಂಟೋನ್ಮೆಂಟಿನ ಒಂದು ಮಿಲಿಟರಿ ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಆಗ ನನಗೆ ಇಪ್ಪತ್ತೊಂದು ವರ್ಷ. ಇಂಗ್ಲೆಂಡಿನಿಂದ ಬಂದಿಳಿದ ಹೊಸ ಆಫೀಸರುಗಳಿಗೆ ಹಿಂದೂಸ್ತಾನಿ ಕಲಿಸಿ ಪರೀಕ್ಷೆಗೆ ತಯಾರು ಮಾಡುವುದು ಮುನ್ಷಿ ಸಾಹೇಬರ ಕೆಲಸ. ಊರಿನ ಜನ ಏನಾದರೂ ಅಹವಾಲು ಹಿಡಿದುಕೊಂಡು ಬಂದರೆ ಅವರ ಕನ್ನಡವನ್ನೋ ತಮಿಳನ್ನೋ ಇಂಗ್ಲಿಷಿಗೆ ತಿರುಗಿಸಿ ಸಾಹೇಬರಿಗೆ ಹೇಳುವುದೂ ಅವರದೇ ಕೆಲಸ. ನನ್ನ ಮೇಜು, ಅವರ ಮೇಜು ಒಂದೇ ಕೋಣೆಯಲ್ಲಿದ್ದವು.

ಎತ್ತರದ ಆಳು, ತೆಳು ಮೈ. ಅವರ ಕಪ್ಪು ಶೇರ್ವಾನಿ ಹೆಗಲಿನ ಮೇಲೆ ಬಿಸಿಲಿಗೆ ಕಂದಾಗಿತ್ತು. ತಲೆಯ ಮೇಲೆ ಕೆಂಪು ರೂಮಿ ಟೋಪಿ. ಬೆಳಿಗ್ಗೆ ಒಂಬತ್ತೂವರೆಗೆ ಸೈಕಲ್ಲು ತಳ್ಳಿಕೊಂಡು ಗೇಟಿನೊಳಗೆ ಬರುತ್ತಿದ್ದರು. ಅವರು ಸೈಕಲ್ಲನ್ನು ಹತ್ತಿದ್ದನ್ನು ನಾನು ಕಂಡಿಲ್ಲ. ಹಿಂದಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದ ಇಂಗ್ಲಿಷ್ ಡಿಕ್ಷನರಿ ಇರುತ್ತಿತ್ತು, ಅದು ಒಂದು ಸಣ್ಣ ಮಗುವಿನಷ್ಟು ಭಾರ. ಹತ್ತಿ ಬರಬಾರದೇಕೆ ಎಂದು ಕೇಳಿದ್ದಕ್ಕೆ, “ನಾನು ಹತ್ತಿದ್ರೆ ಇದು ಬೀಳುತ್ತೆ. ಇದನ್ನ ಹಿಡ್ಕೊಂಡ್ರೆ ನಾನು ಬೀಳ್ತೀನಿ. ನಡೆದ್ರೆ ಇಬ್ರೂ ಕ್ಷೇಮ, ಬಾಬು” ಎಂದಿದ್ದರು. ನನ್ನನ್ನು ಅವರು ಕರೆಯುತ್ತಿದ್ದುದೇ ಬಾಬು ಎಂದು.

ಊರು ಬಿಟ್ಟು ಹೊರಟ ಯಾರೋ ಆಫೀಸರರ ಮನೆಯ ಹರಾಜಿನಲ್ಲಿ ಕೊಂಡ ಡಿಕ್ಷನರಿ ಅದು. ಮೊದಲ ಹದಿನೈದಿಪ್ಪತ್ತು ಹಾಳೆಗಳನ್ನು ಗೆದ್ದಲು ತಿಂದಿತ್ತು. ಇಂಗ್ಲಿಷಿನವರು ಗೆದ್ದಲನ್ನು ಬಿಳಿ ಇರುವೆ, ‘ವೈಟ್ ಆ್ಯಂಟ್’ ಎನ್ನುತ್ತಾರೆ. ಆ ‘ಆ್ಯಂಟ್’ ಕೂಡ ಆ ಹಾಳೆಗಳಲ್ಲೇ ಹೋಗಿತ್ತು. “ತಮ್ಮ ಬಗ್ಗೆ ಏನು ಬರೆದಿದಾರೆ ಅಂತ ನೋಡೋಕೆ ಹೋಗಿ ತಿಂದ್ಬಿಟ್ಟಿವೆ” ಎನ್ನುತ್ತಿದ್ದರು. ‘ಎ’ಯಿಂದ ಶುರುವಾಗುವ ಪದದ ಅರ್ಥ ಯಾರಾದರೂ ಕೇಳಿದರೆ ಬಹಳ ಮರ್ಯಾದೆಯಿಂದ, “ಆ ಮೊಹಲ್ಲಾ ನನಗೆ ಗೊತ್ತಿಲ್ಲ” ಎಂದುಬಿಡುತ್ತಿದ್ದರು.

ಪ್ರತಿಯೊಂದು ಪದಕ್ಕೂ ಮನೆತನ ಇದೆ ಎಂಬುದು ಅವರ ನಂಬಿಕೆ. ಹೆಣ್ಣು ಕೊಡುವವರು ಗಂಡಿನ ಕಡೆಯವರನ್ನು ವಿಚಾರಿಸುವ ಹಾಗೆ ಪದಗಳನ್ನು ವಿಚಾರಿಸುತ್ತಿದ್ದರು. ಇದರ ಊರು ಯಾವುದು, ತಂದೆ ಯಾರು, ಇಲ್ಲಿಗೆ ಬರುವ ಮುಂಚೆ ಎಲ್ಲಿತ್ತು? ಆಗ ಅವರ ಹತ್ತಿರ ಕಲಿಯುತ್ತಿದ್ದವನು ಒಬ್ಬ ಲೆಫ್ಟಿನೆಂಟ್. ನನಗಿಂತ ಒಂದು ವರ್ಷ ದೊಡ್ಡವನಿರಬಹುದು, ಮುಖದ ತುಂಬ ಕಂದು ಚುಕ್ಕೆ. ಎಷ್ಟು ತಿದ್ದಿದರೂ ಅವನ ಬಾಯಲ್ಲಿ ‘ತುಮ್’ ಎಂಬುದು ‘ಟುಮ್’ ಆಗುತ್ತಿತ್ತು. ಮಲಗುವ ‘ಕಾಟ್’ ಎಂಬ ಮಾತು ನಮ್ಮ ಖಾಟ್‌ನಿಂದ ಹೋದದ್ದು ಎಂದು ಮುನ್ಷಿ ಸಾಹೇಬರು ಹೇಳಿದ ದಿನ ಆ ಹುಡುಗ ನಗುತ್ತ, “ಹಾಗಾದರೆ ವಾಪಸ್ಸು ಕೊಡಬೇಕೇ?” ಎಂದು ಕೇಳಿದ. “ಬೇಡ ಸರ್, ಅದು ನಿಮ್ಮಲ್ಲಿ ಸಂಸಾರ ಹೂಡಿಬಿಟ್ಟಿದೆ. ಈಗ ಕರೆದರೆ ಬರುವುದಿಲ್ಲ” ಎಂದು ಮುನ್ಷಿ ಸಾಹೇಬರು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು. ಒಬ್ಬರನ್ನು ಕಂಡರೆ ಒಬ್ಬರಿಗೆ ಇಷ್ಟವಾಗುತ್ತಿತ್ತು.

‘ಸಾರಿ’ ಎಂಬ ಮಾತಿನ ವಿಷಯ ಬಂದದ್ದು ನನ್ನಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ದಿನಕ್ಕೆ ಹತ್ತು ತಪ್ಪು ಟೈಪ್ ಮಾಡಿ ಇಪ್ಪತ್ತು ಸಲ ಸಾರಿ ಹೇಳುತ್ತಿದ್ದೆ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಬಾಗಿಲಲ್ಲಿ ಎದುರಾದರೆ ಸಾರಿ, ಕೆಮ್ಮಿದರೆ ಸಾರಿ. ಒಂದು ದಿನ ನಾನು ಮುನ್ಷಿ ಸಾಹೇಬರ ಶಾಯಿ ಕುಡಿಕೆಯನ್ನು ಉರುಳಿಸಿ ಸಾರಿ ಎಂದಾಗ ಅವರು ಕಾಗದಗಳನ್ನು ಎತ್ತಿ ಒದರುತ್ತ ಕೇಳಿದರು:

“ಎಲ್ಲಿ ನೋವಾಯ್ತು ಬಾಬು?”

“ನನಗೆ ನೋವಾಗಿಲ್ಲ ಸಾಹೇಬ್ರೇ. ನಿಮ್ಮ ಶಾಯಿ ಚೆಲ್ತು.”

“ಮತ್ತೆ ಸಾರಿ ಅಂದ್ರಲ್ಲ?”

ಆಮೇಲೆ ಡಿಕ್ಷನರಿ ತೆರೆದು ತೋರಿಸಿದರು. ‘ಸಾರಿ’ ಮತ್ತು ದುಃಖ ಎಂಬರ್ಥದ ‘ಸಾರೋ’ ನೋಡಲು ಅಣ್ಣ ತಮ್ಮಂದಿರಂತೆ ಕಂಡರೂ ಒಂದೇ ತಾಯಿಯ ಮಕ್ಕಳಲ್ಲ. ಸಾರಿ ಹುಟ್ಟಿದ್ದು ‘ಸೋರ್’ ಎಂಬ ಮಾತಿನ ಮನೆಯಲ್ಲಿ. ಸೋರ್ ಎಂದರೆ ಮೈನೋವು, ಹುಣ್ಣು. ಬಹಳ ಹಿಂದಿನ ಕಾಲದಲ್ಲಿ ಒಬ್ಬ ಇಂಗ್ಲಿಷಿನವನು ತಾನು ಸಾರಿ ಎಂದರೆ, ನನಗೆ ನೋಯುತ್ತಿದೆ ಎಂದಷ್ಟೇ ಅರ್ಥ. ನೋವು ಕಂಡವನು ದೈನೇಸಿಯಾಗಿ ಕಾಣುತ್ತಾನಲ್ಲ, ಅದರಿಂದ ಮುಂದೆ ದೈನೇಸಿ ಎಂಬರ್ಥವೂ ಬಂತು. ಎಲುಬು ಬಿಟ್ಟ ಕುದುರೆಯನ್ನು ಅವರು ಸಾರಿ ಕುದುರೆ ಎನ್ನುತ್ತಾರೆ. ತಪ್ಪಾಯಿತು ಎಂಬರ್ಥ ಬಂದು ಸೇರಿಕೊಂಡದ್ದು ಎಷ್ಟೋ ಕಾಲದ ಮೇಲೆ. ಕಿವಿಗೆ ಬೀಳದಿದ್ದಾಗ ರಾಗ ಎಳೆದು ‘ಸಾರಿ?’ ಎಂದು ಕೇಳುವುದು ನಾಲ್ಕನೆಯದು.

“ನಮ್ಮ ಮಾತುಗಳನ್ನ ನೋಡಿ,” ಎಂದು ಕನ್ನಡಕ ತೆಗೆದರು. ಏನನ್ನಾದರೂ ಮುಖ್ಯವಾದದ್ದನ್ನು ಹೇಳುವ ಮುಂಚೆ ಅವರು ಕನ್ನಡಕ ತೆಗೆಯುತ್ತಿದ್ದರು. “ನಾವು ಮಾಫ್ ಮಾಡಿ ಅಂತೀವಿ. ನೀವು ಕ್ಷಮಿಸಿ ಅಂತೀರಿ. ಎದುರಿಗಿರೋರಿಗೆ ಒಂದು ಕೆಲಸ ಕೊಡ್ತೀವಿ. ಮಾಡ್ತಾರೋ ಬಿಡ್ತಾರೋ, ನಿಂತು ಕಾಯ್ಬೇಕು. ಇವರ ಸಾರಿಲಿ ಕಾಯೋದೇ ಇಲ್ಲ. ನನಗೆ ನೋವಾಗಿದೆ ಅಂತ ಹೇಳಿ ಹೊರಟುಬಿಡಬಹುದು.”

ನಾನು ಒಂದು ವಾರ ಯಾರಿಗೂ ಸಾರಿ ಹೇಳಲಿಲ್ಲ. ಆಮೇಲೆ ಮತ್ತೆ ಶುರುವಾಯಿತು.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹಳೇ ಮದರಾಸು ರಸ್ತೆಯಲ್ಲಿ, ಹಲಸೂರಿಗೆ ಸ್ವಲ್ಪ ಆಚೆ ಇರುವ ತಿರುವಿನಲ್ಲಿ, ಒಂದು ಮಿಲಿಟರಿ ಜೀಪು ಜಟಕಾ ಗಾಡಿಗೆ ಗುದ್ದಿತು. ಬೆಳಗಿನ ಹೊತ್ತು. ಜಟಕಾದವನು ಮದರಾಸಿನಿಂದ ಬರುವ ರೈಲಿನ ಬಾಡಿಗೆಗೆಂದು ಸ್ಟೇಷನ್ನಿಗೆ ಹೊರಟಿದ್ದ. ಕುದುರೆ ಅಲ್ಲೇ ಸತ್ತಿತು. ಗಾಡಿಯವನು ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ತೀರಿಕೊಂಡ. ಜೀಪು ಓಡಿಸುತ್ತಿದ್ದವನು ಮುನ್ಷಿ ಸಾಹೇಬರ ಶಿಷ್ಯ, ಆ ಚುಕ್ಕೆ ಮುಖದ ಲೆಫ್ಟಿನೆಂಟ್.

ನಮ್ಮ ಆಫೀಸಿನ ಮೇಜರ್ ವಿಚಾರಣೆ ನಡೆಸಿದರು. ಜಟಕಾ ರಸ್ತೆಯ ಬಲಗಡೆಗೆ ಬಂದಿತ್ತು, ಗಾಡಿಯವನು ತೂಕಡಿಸುತ್ತಿದ್ದಿರಬೇಕು ಎಂದು ತೀರ್ಮಾನವಾಯಿತು. ಆ ಕಾಗದವನ್ನು ಟೈಪ್ ಮಾಡಿದವನು ನಾನೇ.

ಸತ್ತವನ ಹೆಂಡತಿಯ ಹೆಸರು ಮುನಿಯಮ್ಮ. ಮರ್ಫಿ ಟೌನಿನವಳು. ಅವಳು ಮೂರು ಸಲ ಆಫೀಸಿನ ಗೇಟಿಗೆ ಬಂದು ಕೂಗಾಡಿದಳು. ಅವಳಿಗೆ ಬೇಕಾದದ್ದು ಒಂದೇ. ಜೀಪು ಓಡಿಸಿದವನ ಮುಖ ನೋಡಬೇಕು, ಅವನ ಬಾಯಿಂದ ನಡೆದದ್ದನ್ನು ಕೇಳಬೇಕು. ಮರ್ಫಿ ಟೌನಿನಲ್ಲಿ ಆಗಲೇ ಅವಳ ಗಂಡ ಕುಡಿದು ಗಾಡಿ ಹೊಡೆದ ಎಂದು ಮಾತಾಗಿತ್ತು. ಕೊನೆಗೆ ಲೆಫ್ಟಿನೆಂಟನೇ ಅವಳನ್ನು ನೋಡುತ್ತೇನೆ ಎಂದ. ಮೇಜರ್ ಒಪ್ಪಿದರು, ಆದರೆ ಅವನನ್ನು ಪಕ್ಕಕ್ಕೆ ಕರೆದು, “ನಿನಗೆ ಸಂತಾಪವಿದೆ ಎಂದು ಹೇಳು. ಅದರ ಮೇಲೆ ಒಂದು ಮಾತೂ ಬೇಡ” ಎಂದದ್ದು ನನ್ನ ಕಿವಿಗೆ ಬಿತ್ತು.

ಮೇಜರರ ಕೋಣೆಯಲ್ಲಿ ನಾವು ಐದು ಜನ. ಮೇಜರ್, ಲೆಫ್ಟಿನೆಂಟ್, ಮುನಿಯಮ್ಮ, ಮಾತು ತಿರುಗಿಸಲು ಮುನ್ಷಿ ಸಾಹೇಬರು, ಬರೆದುಕೊಳ್ಳಲು ನಾನು. ಮುನಿಯಮ್ಮನಿಗೆ ಕುರ್ಚಿ ಕೊಟ್ಟರು. ಅವಳು ಕೂರಲಿಲ್ಲ.

“ನಮ್ಮ ಯಜಮಾನ್ರು ಮೂವತ್ತು ವರ್ಷ ಗಾಡಿ ಹೊಡೆದೋರು,” ಎಂದಳು. “ಎಡಗಡೆ ಬಿಟ್ಟು ಹೋದೋರಲ್ಲ. ಆಸ್ಪತ್ರೇಲಿ ಮೂರು ದಿನಾನೂ ಅದನ್ನೇ ಹೇಳಿದ್ರು, ನಾನು ಎಡಗಡೇನೇ ಇದ್ದೆ ಕಣೇ ಅಂತ. ಈವಯ್ಯ ಏನಂತಾರೆ, ಕೇಳಿ.”

ಮುನ್ಷಿ ಸಾಹೇಬರು ಒಂದು ಪದವನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದರು. ಲೆಫ್ಟಿನೆಂಟ್ ಎದ್ದು ನಿಂತ. ಅವನ ಮುಖ ಬಿಳುಚಿಕೊಂಡು ಚುಕ್ಕೆಗಳೆಲ್ಲ ಎದ್ದು ಕಾಣುತ್ತಿದ್ದವು. ಒಂದು ಸಲ ಮೇಜರರನ್ನು ನೋಡಿ, “ಐ ಆ್ಯಮ್ ಸಾರಿ ಎಂದು ಆಕೆಗೆ ಹೇಳಿ” ಎಂದ.

ಮುನ್ಷಿ ಸಾಹೇಬರು ಕನ್ನಡಕ ತೆಗೆದರು.

“ಯಾವ ಸಾರಿ, ಸರ್?” ಎಂದು ಕೇಳಿದರು.

“ಇರುವುದು ಒಂದೇ, ಮುನ್ಷಿ,” ಎಂದರು ಮೇಜರ್. “ಹೇಳಿ ಮುಗಿಸಿ.”

ಲೆಫ್ಟಿನೆಂಟ್ ಬಾಯಿ ಬಿಡಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮುನ್ಷಿ ಸಾಹೇಬರು ಅವನನ್ನು ನೋಡಿದರು, ನಿಂತೇ ಇದ್ದ ಮುನಿಯಮ್ಮನನ್ನು ನೋಡಿದರು.

“ತಪ್ಪಾಯ್ತು ತಾಯಿ, ಅಂತಿದಾರೆ,” ಎಂದರು.

ಮುನಿಯಮ್ಮ ಆಗ ಕುರ್ಚಿಯ ಮೇಲೆ ಕುಳಿತಳು. “ಹಂಗಾದ್ರೆ ನಮ್ಮೋರು ಎಡಗಡೇನೇ ಇದ್ರು,” ಎಂದು ತನಗೆ ತಾನೇ ಹೇಳಿಕೊಂಡಳು. ಸ್ವಲ್ಪ ಹೊತ್ತು ಕುಳಿತಿದ್ದು ಎದ್ದಳು. “ಬಾಯಿಬಿಟ್ಟು ಹೇಳಿದ್ರಲ್ಲ. ಅಷ್ಟು ಸಾಕು. ಬರ್ತೀನಿ ಸ್ವಾಮಿ,” ಎಂದು ಹೊರಟುಹೋದಳು.

ಮೂರು ಸಲ ಗೇಟಿನಲ್ಲಿ ಕೂಗಾಡಿದ ಹೆಂಗಸು ಇಷ್ಟು ಸುಲಭವಾಗಿ ಎದ್ದು ಹೋದದ್ದು ಮೇಜರರಿಗೆ ಅನುಮಾನ ತಂದಿತು. ಅವರು ನನ್ನ ಕಡೆ ತಿರುಗಿದರು.

“ನೀನು ಇಲ್ಲಿಯವನಲ್ಲವೇ? ಮುನ್ಷಿ ಆಕೆಗೆ ಹೇಳಿದ್ದೇನು? ಸರಿಯಾಗಿ ಹೇಳು.”

ನನಗೆ ಹೆದರಿಕೆಯಾಯಿತು. ಮನೆಯಲ್ಲಿ ತಾಯಿ, ತಂಗಿ ಇಬ್ಬರೂ ನನ್ನನ್ನೇ ನಂಬಿದ್ದರು. ಆದರೆ ಹೆದರಿಕೆ ಒಂದೇ ಎಂದರೆ ಸುಳ್ಳಾಗುತ್ತದೆ. ಮೇಜರ್ ನನ್ನ ಇಂಗ್ಲಿಷನ್ನು ಕೇಳುತ್ತಿರುವುದು ಅದೇ ಮೊದಲು. ಪದಕ್ಕೆ ಪದ ಇಟ್ಟು ಚೊಕ್ಕವಾಗಿ ಹೇಳಿಬಿಡಬೇಕು ಎಂಬ ಜಂಭವೂ ಇತ್ತು. “ಒಂದು ತಪ್ಪು ನಡೆದಿದೆ ಎಂದು ಹೇಳಿದರು, ಸರ್” ಎಂದೆ, ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದೆ.

“ಯಾರಿಂದ?”

“ಹೇಳುವವರಿಂದ ಸರ್. ಅಂದರೆ ಲೆಫ್ಟಿನೆಂಟರಿಂದ.”

ಮುನ್ಷಿ ಸಾಹೇಬರು ನನ್ನನ್ನು ನೋಡಲಿಲ್ಲ. ಕನ್ನಡಕವನ್ನು ಮತ್ತೆ ಹಾಕಿಕೊಂಡರು, ಅಷ್ಟೆ.

ಸಂಜೆ ಹಲಸೂರು ಕೆರೆ ಏರಿಯ ಮೇಲೆ ಮನೆಗೆ ನಡೆದು ಬರುವಾಗ ನನಗೆ ಹೊಳೆಯಿತು. ಕಾಲು ಅಲ್ಲೇ ನಿಂತುಬಿಟ್ಟಿತು. ನಾವು ದಿನಾ ಮನೆಯಲ್ಲಿ, ಬೀದಿಯಲ್ಲಿ ತಪ್ಪಾಯ್ತು ಎನ್ನುತ್ತೇವಲ್ಲ, ಅದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಮಾತು ಸಾರಿ. “ಸಾರಿ ಎಂದು ಹೇಳಿದರು, ಸರ್” ಎಂದಿದ್ದರೆ ಅದು ಅಪ್ಪಟ ನಿಜವಾಗುತ್ತಿತ್ತು. ಮೇಜರ್ ತಲೆಯಾಡಿಸಿ ಫೈಲು ಮುಚ್ಚುತ್ತಿದ್ದರು. ಒಂದೇ ಒಂದು ಮಾತು. ದಿನಕ್ಕೆ ಇಪ್ಪತ್ತು ಸಲ ಬಾಯಿಗೆ ಬರುತ್ತಿದ್ದ ಮಾತು ಬೇಕಾದ ಹೊತ್ತಿಗೆ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೇಜರ್ ನನ್ನನ್ನು ಕರೆದು ಮೂರು ಸಾಲಿನ ಕಾಗದ ಹೇಳಿ ಬರೆಸಿದರು. ಇನ್ನು ಮುಂದೆ ಮುನ್ಷಿಯವರ ಸೇವೆ ಈ ಆಫೀಸಿಗೆ ಬೇಕಾಗಿಲ್ಲ ಎಂದು ತಿಳಿಸಲು ‘ಸಾರಿ’ ಎಂದು ಆ ಕಾಗದ ಶುರುವಾಗುತ್ತಿತ್ತು. ನಾನೇ ಟೈಪ್ ಮಾಡಿದೆ. ನಾನೇ ತೆಗೆದುಕೊಂಡು ಹೋಗಿ ಪಕ್ಕದ ಮೇಜಿನ ಮೇಲೆ ಇಟ್ಟೆ. ಅವರು ನಿಧಾನವಾಗಿ ಓದಿದರು.

“ಇದು ಐದನೇ ಅರ್ಥ ಬಾಬು,” ಎಂದರು. “ಡಿಕ್ಷನರೀಲಿ ಇಲ್ಲ. ಬರ್ಕೊಂಡ್ಬಿಡ್ತೀನಿ.”

ನಿಜವಾಗಿಯೂ ಆ ಹಾಳೆಯನ್ನು ತೆರೆದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಏನೋ ಬರೆದರು. ಆಮೇಲೆ ಡಿಕ್ಷನರಿಯನ್ನು ಸೈಕಲ್ಲಿಗೆ ಬಿಗಿದು, ತಳ್ಳಿಕೊಂಡು ಗೇಟು ದಾಟಿ ಹೋದರು. ಗೇಟಿನ ಪಹರೆಯವನು ಯಾವಾಗಿನಂತೆ ಸಲಾಮು ಹೊಡೆದ, ಅವನಿಗೆ ವಿಷಯ ತಿಳಿದಿರಲಿಲ್ಲ.

ಅವರ ಮನೆಗೆ ಹೋಗಲು ನನಗೆ ಧೈರ್ಯ ಬಂದದ್ದು ಮೂರನೆಯ ಭಾನುವಾರ. ಈಗ ಶಿವಾಜಿನಗರ ಎನ್ನುವ ಜಾಗವನ್ನು ಆಗ ನಾವು ಬ್ಲಾಕ್‌ಪಲ್ಲಿ ಎನ್ನುತ್ತಿದ್ದೆವು. ಅಲ್ಲಿ ಎರಡು ಕೋಣೆಯ ಮನೆ, ಬಾಗಿಲಿಗೆ ಗೋಣಿತಾಟಿನ ಪರದೆ. ಗಂಡನನ್ನು ಕಳೆದುಕೊಂಡ ಮಗಳು ಅವರ ಜೊತೆಗಿದ್ದರು. ಮುನ್ಷಿ ಸಾಹೇಬರು ಚಾಪೆಯ ಮೇಲೆ ಕುಳಿತು ಡಿಕ್ಷನರಿಯ ಹಾಳೆಗಳಿಗೆ ಬೇವಿನ ಸೊಪ್ಪು ಇಡುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಸಾರಿ, ಸಾಹೇಬ್ರೇ,” ಎಂದೆ.

“ಅದು ಆಫೀಸಿನ ಮಾತು. ಮನೇಲಿ ಯಾಕೆ?”

ತಪ್ಪಾಯ್ತು ಎಂದು ಹೇಳಲು ಹೊರಟೆ. ಹೇಳದೆ, ಒಂದು ಬೇವಿನ ಎಸಳು ಎತ್ತಿ ಅವರ ಕೈಗೆ ಕೊಟ್ಟೆ. ಅದನ್ನು ಹಾಳೆಯ ನಡುವೆ ಇಡುತ್ತ ಅವರೇ ಮಾತು ತೆಗೆದರು.

“ನೀವು ಮಾಡಿದ ತರ್ಜುಮೇಲಿ ಒಂದು ಅಕ್ಷರ ತಪ್ಪಿಲ್ಲ ಬಾಬು. ಪರೀಕ್ಷೇಲಿ ಬರೆದಿದ್ರೆ ನೂರಕ್ಕೆ ನೂರು ಕೊಡ್ತಿದ್ದೆ.”

“ಸಾರಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು ಸಾಹೇಬ್ರೇ.”

“ಹೂಂ. ಯಾವಾಗ ಹೊಳೀತು?”

“ಅವತ್ತೇ ಸಂಜೆ. ಕೆರೆ ಹತ್ರ.”

“ಅವತ್ತೇ ಹೊಳೀತಾ?” ಅವರ ಮುಖ ಅರಳಿತು. “ನನ್ನ ಶಿಷ್ಯರಿಗೆ ಆರು ತಿಂಗಳು ಹಿಡಿಯುತ್ತೆ.”

ಆಗ ನನ್ನ ಬಾಯಿಂದ ಆ ಮಾತು ಹೊರಟಿತು. “ನನ್ನಿಂದ ತಪ್ಪಾಯ್ತು, ಮಾಫ್ ಮಾಡಿ,” ಎಂದೆ. ಅವರು ತಲೆಯಾಡಿಸಿ, ಒಳಗೆ ಚಹಾ ಮಾಡಲು ಹೇಳಿದರು. ಚಹಾ ಬರುವವರೆಗೂ ನನ್ನ ಮಂಡಿಯ ಮೇಲೆ ಕೈ ಇಟ್ಟುಕೊಂಡು ಕುಳಿತಿದ್ದರು.

ಲೋಟ ಖಾಲಿಯಾದ ಮೇಲೆ, “ನಿಮಗೊಂದು ಕೆಲಸ ಇದೆ” ಎಂದರು. ಹಿಂದಿನ ದಿನ ಸಂಜೆ ಲೆಫ್ಟಿನೆಂಟ್ ಮನೆ ಹುಡುಕಿಕೊಂಡು ಬಂದಿದ್ದನಂತೆ. ಜಟಕಾ ಎಡಗಡೆಯೇ ಇತ್ತು, ತಿರುವನ್ನು ಅಡ್ಡ ಹಾಯ್ದವನು ತಾನೇ ಎಂದು ಇದೇ ಚಾಪೆಯ ಮೇಲೆ ಕುಳಿತು ಹೇಳಿದನಂತೆ. ಅದನ್ನು ಆ ಹೆಂಗಸಿಗೆ ತಾನೇ ಹೇಳಬೇಕು, ಅವಳ ಭಾಷೆಯಲ್ಲಿ ಹೇಳಬೇಕು, ಕಲಿಸಿಕೊಡಿ ಎಂದು ಕೇಳಿದ್ದ.

“ನನ್ನ ಕನ್ನಡ ಈ ಗಲ್ಲಿಯ ಕನ್ನಡ,” ಎಂದರು ಮುನ್ಷಿ ಸಾಹೇಬರು. “ನೀವು ಹಲಸೂರಿನೋರು, ಆಕೆ ಮರ್ಫಿ ಟೌನಿನೋರು. ನಿಮ್ಮ ಬಾಯಲ್ಲಿ ಕಲೀಲಿ.”

ಹೀಗೆ ನಾನು ಒಬ್ಬ ಇಂಗ್ಲಿಷ್ ಆಫೀಸರಿಗೆ ಕನ್ನಡದ ಮೇಷ್ಟ್ರಾದೆ. ಮುಂದಿನ ಎರಡು ವಾರ ಬಿಡುವು ಸಿಕ್ಕಾಗಲೆಲ್ಲ ಅವನು ಬಂದು ಆ ಚಾಪೆಯ ಮೇಲೆ ಕಾಲು ಮಡಿಚಲಾಗದೆ ಒದ್ದಾಡುತ್ತ ಕು‍ಳಿತಿರುತ್ತಿದ್ದ. ಕಲಿಯಬೇಕಾದದ್ದು ಎರಡೇ ವಾಕ್ಯ. ನಾಲಿಗೆಯನ್ನು ಹಲ್ಲಿಗೆ ತಾಗಿಸಿ ‘ತ’ ಹೇಳಿಸಲು ಮುನ್ಷಿ ಸಾಹೇಬರು ಅವನ ಮುಂದೆ ಕನ್ನಡಿ ಹಿಡಿದರು. ಆದರೂ ‘ಟ’ ಬಿಡಲಿಲ್ಲ. ಅವನು ಪ್ರತಿ ಪದದ ಅರ್ಥ ಕೇಳುತ್ತಿದ್ದ. ತಪ್ಪಾಯ್ತು ಎಂಬುದನ್ನು ನಾನು ಬಿಡಿಸಿ ಹೇಳಿದೆ. ತಪ್ಪು, ಆಯ್ತು.

“ಇದರಲ್ಲಿ ‘ನಾನು’ ಎಲ್ಲಿದೆ?” ಎಂದ.

ಇಲ್ಲ ಎಂದೆ. ತಪ್ಪು ತಾನಾಗಿ ಆದ ಹಾಗೆ ನಾವು ಹೇಳುತ್ತೇವೆ ಎಂಬುದು ನನಗೂ ಆಗಲೇ ಗಮನಕ್ಕೆ ಬಂದದ್ದು. ಅವನು ಸ್ವಲ್ಪ ಯೋಚಿಸಿ, “ಹಾಗಾದರೆ ಇದು ಬೇಡ. ಇದರಲ್ಲೂ ನುಣುಚಿಕೊಳ್ಳಲು ಜಾಗವಿದೆ” ಎಂದ. ಮುನ್ಷಿ ಸಾಹೇಬರಿಗೆ ಆದ ಸಂತೋಷವನ್ನು ಏನು ಹೇಳಲಿ. ತಮ್ಮ ಶಿಷ್ಯ ತಮ್ಮ ತರ್ಜುಮೆಯನ್ನೇ ತಿದ್ದುತ್ತಿದ್ದಾನೆ ಎಂದು ಮಗಳನ್ನು ಕರೆದು ಹೇಳಿದರು. ಕೊನೆಗೆ ‘ನಾನು ತಪ್ಪು ಮಾಡಿದೆ’ ಎಂಬುದು ನಿಶ್ಚಯವಾಯಿತು.

ಒಂದು ಭಾನುವಾರ ಬೆಳಿಗ್ಗೆ ಮೂವರೂ ಮರ್ಫಿ ಟೌನಿಗೆ ನಡೆದುಹೋದೆವು. ಮುನಿಯಮ್ಮನ ಬೀದಿಯ ಬಾಯಿಯಲ್ಲಿ ಮುನ್ಷಿ ಸಾಹೇಬರು ಸೈಕಲ್ಲನ್ನು ಗೋಡೆಗೆ ಒರಗಿಸಿ ನಿಂತುಬಿಟ್ಟರು.

“ನೀವು ಬನ್ನಿ ಸಾಹೇಬ್ರೇ,” ಎಂದೆ.

“ನಾನು ಬಂದ್ರೆ ಆಕೆ ನನ್ನ ಮುಖ ನೋಡ್ತಾರೆ. ಆಕೆ ಆ ಹುಡುಗನ ಮುಖಾನೇ ನೋಡ್ಲಿ.”

ಮುನಿಯಮ್ಮ ಬಾಗಿಲ ಮುಂದೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಸೋಲ್ಜರ್ ಬಟ್ಟೆ ಕಂಡು ಬೀದಿಯ ಎರಡೂ ಕಡೆ ಜನ ಹೊರಗೆ ಬಂದರು. ಲೆಫ್ಟಿನೆಂಟ್ ಟೋಪಿ ತೆಗೆದು, ಅವಳ ಮುಖ ನೋಡಿಕೊಂಡು, ನಿಧಾನವಾಗಿ ಹೇಳಿದ:

“ನಿಮ್ಮ ಯಜಮಾನ್ರು ಎಡಗಡೆ ಇಡ್ರು. ನಾನು ಟಪ್ಪು ಮಾಡಿಡೆ.”

ಮುನಿಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನ ಮಾತಿನ ಧಾಟಿಗೆ ಅವಳಿಗೆ ನಗು ಬಂದುಬಿಟ್ಟಿತ್ತು. ನಗು ತಡೆಯಲು ಹೋಗಿ ಅಳು ಬಂತು. ಮೊರ ಕೆಳಗಿಟ್ಟು ಹೊಸಿಲ ಮೇಲೆ ಕುಳಿತು ಅತ್ತಳು. ನಾನೂ ಅವನೂ ಏನು ಮಾಡಲೂ ತೋಚದೆ ಬಿಸಿಲಲ್ಲಿ ನಿಂತಿದ್ದೆವು. ಆಮೇಲೆ ಅವಳು ಮುಖ ಒರೆಸಿಕೊಂಡು ಎದುರು ಮನೆಯ ಜಗಲಿಯ ಕಡೆ ಕತ್ತು ತಿರುಗಿಸಿದಳು. ಅಲ್ಲಿ ಏಳೆಂಟು ಜನ ನಿಂತಿದ್ದರು.

“ಇನ್ನೊಂದ್ ಸಾರಿ ಹೇಳಪ್ಪ,” ಎಂದಳು. “ಜೋರಾಗಿ ಹೇಳು. ಇವರೆಲ್ಲ ಕೇಳ್ಲಿ.”

ಲೆಫ್ಟಿನೆಂಟಿಗೆ ಅರ್ಥವಾದದ್ದು ನಡುವಿನ ಒಂದು ಮಾತು ಮಾತ್ರ. “ಯೆಸ್,” ಎಂದ ಗಂಭೀರವಾಗಿ, “ಸಾರಿ.” ನಾನು ಅವನ ಕಿವಿಯಲ್ಲಿ ಹೇಳಿದ ಮೇಲೆ ಎದುರು ಮನೆಯವರಿಗೆ ಕೇಳುವ ಹಾಗೆ ಪರೇಡಿನ ಗಂಟಲಿನಲ್ಲಿ ಎರಡು ವಾಕ್ಯವನ್ನೂ ಮತ್ತೆ ಹೇಳಿದ.

ಕ್ಷಮಿಸಿದೆ ಎಂದು ಮುನಿಯಮ್ಮ ಹೇಳಲಿಲ್ಲ. ಒಳಗೆ ಬಾ ಎಂದೂ ಕರೆಯಲಿಲ್ಲ. ನಾವು ಹೊರಟಾಗ, “ಇನ್ಮೇಲೆ ನಿಧಾನಕ್ಕೆ ಓಡ್ಸು ಅಂತ ಹೇಳಪ್ಪ ಆ ಹುಡುಗನಿಗೆ” ಎಂದು ನನಗೆ ಹೇಳಿ ಮೊರ ಎತ್ತಿಕೊಂಡಳು. ಬೀದಿಯ ಬಾಯಿಯಲ್ಲಿ ಮುನ್ಷಿ ಸಾಹೇಬರು ಕೇಳಿದ್ದು ಒಂದೇ ಮಾತು.

“ಆಕೆ ಏನಂದ್ರು?”

ಹೇಳಿದೆ. ಅವರು ಅದನ್ನು ಲೆಫ್ಟಿನೆಂಟಿಗೆ ಇಂಗ್ಲಿಷಿನಲ್ಲಿ ಹೇಳಿದರು. ಒಂದು ಪದ ಕೂಡಿಸಲಿಲ್ಲ, ಬಿಡಲಿಲ್ಲ.

ಆ ಹುಡುಗ ಮೇಜರರಿಗೂ ಒಂದು ಹೇಳಿಕೆ ಬರೆದುಕೊಟ್ಟ. ಅದನ್ನು ಟೈಪ್ ಮಾಡಲು ನನಗೆ ಕೊಡಲಿಲ್ಲ, ಅದರಿಂದ ಏನಾಯಿತೆಂದು ಗೊತ್ತಿಲ್ಲ. ಮುಂದಿನ ತಿಂಗಳು ಅವನನ್ನು ಬರ್ಮಾ ಗಡಿಗೆ ಕಳಿಸಿದರು. ಹೊರಡುವ ಮುಂಚೆ ಗೋಣಿತಾಟಿನ ಪರದೆಯ ಮನೆಗೆ ಬಂದು ಹೋದನಂತೆ. ಆಮೇಲೆ ಅವನ ಸುದ್ದಿ ನಮಗೆ ಸಿಗಲಿಲ್ಲ.

ಮುನ್ಷಿ ಸಾಹೇಬರನ್ನು ಯಾರೂ ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅವರು ಮನೆಯಲ್ಲೇ ಬಟ್ಟೆ ಅಂಗಡಿಯ ಗುಮಾಸ್ತರಿಗೆ, ದರ್ಜಿಗಳಿಗೆ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿದರು. ಅಳತೆಗೆ ಬೇಕಾದ ಇಂಗ್ಲಿಷ್ ಸಾಕು ಎಂದು ಬಂದ ದರ್ಜಿಗೂ ಕಾಲರಿನ ಮನೆತನ, ಬಟನ್ನಿನ ಮನೆತನ ಹೇಳದೆ ಬಿಡುತ್ತಿರಲಿಲ್ಲ. ಯುದ್ಧ ಮುಗಿಯಿತು. ಬ್ರಿಟಿಷರು ಗಂಟುಮೂಟೆ ಕಟ್ಟಿ ಹೋದರು. ಕಂಟೋನ್ಮೆಂಟು ಊರಿನೊಳಗೆ ಸೇರಿಕೊಂಡಿತು. ನಾನು ಬೇರೆ ಆಫೀಸಿಗೆ ಹೋದೆ. ತಿಂಗಳಿಗೊಮ್ಮೆಯಾದರೂ ಅವರ ಚಾಪೆಯ ಮೇಲೆ ಹೋಗಿ ಕೂರುತ್ತಿದ್ದೆ.

ಕೊನೆಯ ಸಲ ನೋಡಿದ್ದು ಅವರು ತೀರಿಕೊಳ್ಳುವುದಕ್ಕೆ ಒಂದು ತಿಂಗಳ ಮುಂಚೆ. ಉಬ್ಬಸ ಹೆಚ್ಚಾಗಿ ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು. ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದ ಒಂದು ಮಾತನ್ನು ಅವತ್ತು ಕೇಳಿದೆ.

“ಸಾಹೇಬ್ರೇ, ಅವತ್ತು ಮೇಜರ್ ಕೋಣೇಲಿ ಆ ಹುಡುಗ ಬಾಯಿ ಬಿಡಲಿಲ್ಲ. ಅವನ ಮನಸ್ಸಲ್ಲಿ ಇರೋದು ಯಾವ ಸಾರಿ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗ್ಲಿಲ್ಲ ಬಾಬು.” ಉಸಿರು ಎಳೆದುಕೊಂಡು ಮುಂದುವರಿಸಿದರು. “ಮೇಜರ್ ಹೇಳಿಕೊಟ್ಟ ಸಾರೀನೇ ಇತ್ತೇನೋ. ಆಕೆ ನಿಂತೇ ಇದ್ರು. ಕುರ್ಚಿ ಇದ್ರೂ ಕೂರ್ತಿರ್ಲಿಲ್ಲ. ನನ್ನ ಕೈಲಿ ನೋಡೋಕಾಗ್ಲಿಲ್ಲ. ಮೂವತ್ತು ವರ್ಷದಲ್ಲಿ ಇಲ್ಲದ ಮಾತನ್ನ ತರ್ಜುಮೆ ಮಾಡಿದ್ದು ಅದೊಂದೇ ಸಲ.”

“ಹಾಗಾದ್ರೆ ಆಕೆಗೆ ಹೇಳಿದ್ದು ಸುಳ್ಳು?”

“ಹತ್ತಿಪ್ಪತ್ತು ದಿನ ಸುಳ್ಳಾಗಿತ್ತು. ಆಮೇಲೆ ಆ ಹುಡುಗ ಬಂದು ಇದೇ ಬಾಗಿಲು ತಟ್ಟಿದ.” ನಗಲು ಹೋಗಿ ಕೆಮ್ಮಿದರು. “ತರ್ಜುಮೆ ಮೊದಲು ಬಂತು. ಅಸಲು ಹಿಂದಿನಿಂದ ಬಂತು.”

ಕೆಮ್ಮು ನಿಲ್ಲಲಿಲ್ಲ. ಮಗಳು ನೀರು ತಂದು, “ಮಾತಾಡಿಸ್ಬೇಡಿ ಅಣ್ಣಾ, ಸುಸ್ತಾಗುತ್ತೆ” ಎಂದರು. ನಾನು ಎದ್ದೆ. ಅವರು ಕೈ ಆಡಿಸಿ ಕೂರಲು ಹೇಳಿದರು. ಕುಳಿತೆ.

ಆ ದಿನಗಳಲ್ಲೇ ಅಲ್ಲವೇ ಅವರ ಕೆಲಸ ಹೋಗಿದ್ದು. ತಾವು ಒಬ್ಬ ವಿಧವೆಗೆ ಹೇಳಿದ್ದು ಸುಳ್ಳೋ ನಿಜವೋ ಎಂಬುದು ತಿಳಿಯದೆ ಈ ಗೋಡೆಯನ್ನೇ ನೋಡಿಕೊಂಡು ಅವರು ಎಷ್ಟು ದಿನ ಕಳೆದಿದ್ದರೋ. ನಾನು ಕೇಳಲಿಲ್ಲ. ಮಧ್ಯಾಹ್ನದ ನಮಾಜಿನ ಕೂಗು ಕೇಳುವವರೆಗೂ ಅವರ ಪಕ್ಕದಲ್ಲಿ ಕುಳಿತಿದ್ದು ಎದ್ದು ಬಂದೆ.